ಹನ್ನೆರಡು ಗುಂಡುಪಿನ್ನು

ಮೂವತ್ತನಾಲ್ಕು ವರ್ಷಕ್ಕೆ ಪೆಟ್ಟಿಗೆ ತೆರೆದಾಗ
ಬೆಳ್ಳಿ ಬಣ್ಣ ಬೂದಿಯಾಗಿತ್ತು, ಕಂಕುಳಲ್ಲಿ ಬಿರುಕು.
ಇಲಿ ತಿಂದದ್ದು ಎಡಗೈ ಬೆರಳೆರಡು ಮಾತ್ರ, ಪುಣ್ಯ.
ಕೊರಳಪಟ್ಟಿಯ ಒಳಗೆ
ನಾನೇ ಬರೆದ ಅಳತೆ: ಸೊಂಟ ಮೂವತ್ತೊಂದು.

ಈಗ ಅದೇ ಸೊಂಟ ನನ್ನೆದುರು ಕೈಯೆತ್ತಿ ನಿಂತಿದೆ.
ಟೇಪು ಸುತ್ತಿದೆ, ಸಂಖ್ಯೆ ಬಾಯಿಬಿಟ್ಟು ಹೇಳಲಿಲ್ಲ.
"ಹೇಳು ಟ್ಯಾಮ್ಸಿನ್, ಯಂತ್ರಕ್ಕೆಲ್ಲಿ ನಾಚಿಕೆ?" ಎಂದ ಡೆಸ್ಮಂಡ್.
ಹೇಳಿದೆ.
ನಾಚಿಕೊಂಡ.

ಈ ಬಿಳಿಗುಡ್ಡ, ಈ ಹಸಿರುನೀಲಿ ಹೊಂಡ
ಇಂಗ್ಲೆಂಡಿಗೆಲ್ಲ ಅವಳಿ ಸೂರ್ಯರ ಮೂರನೇ ಗ್ರಹ;
ಕಾರ್ನ್‌ವಾಲಿನ ನಮಗೆ ಪಿಂಗಾಣಿ ಮಣ್ಣಿನ ಗಣಿ.
ನಮ್ಮಪ್ಪ ಹತ್ತೊಂಬತ್ತು ವರ್ಷ ಆ ಗ್ರಹದ ಮೇಲೆ
ಕೊಳವೆ ಹಿಡಿದು ನೀರು ಹಾಯಿಸಿದ;
ಮನೆಗೆ ಬಂದರೆ ರೆಪ್ಪೆಯೂ ಬೆಳ್ಳಗೆ.
ಶನಿವಾರ ಸಂಜೆ ಟೀವಿಯೆದುರು ಕೂತು
"ಅಗೋ, ಆ ಬಂಡೆ ಹಿಂದೇನೇ ನಾನು ಬುತ್ತಿ ಬಿಚ್ಚೋದು" ಎಂದು
ಅನ್ಯಲೋಕದತ್ತ ಬೆರಳು ತೋರುತ್ತಿದ್ದ.

ಕಥೆ ಗೊತ್ತಲ್ಲ. ಗೊತ್ತಿಲ್ಲದವರಿಗೆ:
ದಿಕ್ಕು ತಪ್ಪಿದ ಹಡಗು, ಏಳು ಜನ,
ಅವರನ್ನು ಕಾಯುವ ಯಂತ್ರ, ಹೆಸರು ಕೆಲ್ವೆಕ್.
ಪ್ರತಿ ಕಂತಿನ ಕೊನೆಗೆ, ದೀಪ ಆರಿಸುವ ಮುನ್ನ,
ಬಾಗಿಲಲ್ಲಿ ನಿಂತು ತಲೆಯೆಣಿಸಿ ಹೇಳುತ್ತಿತ್ತು:
"ಏಳು. ಎಣಿಕೆ ಸರಿಯಿದೆ."
ಅಷ್ಟೇ. ಅಷ್ಟಕ್ಕೇ
ದೇಶದ ಮಕ್ಕಳು ತಕರಾರಿಲ್ಲದೆ ಮಲಗುತ್ತಿದ್ದವು.

ಆಮೇಲೆ ಅದನ್ನು ದ್ವೇಷಿಸಿದ ಡೆಸ್ಮಂಡ್.
ದೊಡ್ಡ ರಂಗಮಂದಿರಗಳಲ್ಲಿ ರಾಜನ ಪಾತ್ರ ಕೇಳಹೋದರೆ
"ಒಮ್ಮೆ ಎಣಿಸಿ ಸಾರ್" ಎನ್ನುತ್ತಿದ್ದರಂತೆ ಆಸೆಗಣ್ಣಿನಲ್ಲಿ.
ಹೊಟ್ಟೆಪಾಡಿಗೆ ನಾಯಿಬಿಸ್ಕತ್ತಿನ ಜಾಹೀರಾತಿಗೆ ದನಿ ಕೊಟ್ಟ,
ಕ್ರಿಸ್‌ಮಸ್ ನಾಟಕಗಳಲ್ಲಿ ರಾಕ್ಷಸನಾದ,
ಲೀಡ್ಸಿನ ಕಾರ್ಪೆಟ್ ಅಂಗಡಿಯೊಂದರ ರಿಬ್ಬನ್ ಕತ್ತರಿಸಿದ.
ಹೆಂಡತಿಯನ್ನು ಮಣ್ಣು ಮಾಡಿದ ದಿನವೂ ಯಾರೋ ಒಬ್ಬ
ಬಂದವರೆಷ್ಟು ಜನ ಎಂದು ಅವನನ್ನೇ ಕೇಳಿ ನಕ್ಕನಂತೆ.

ನಿರ್ದೇಶಕಿ ಇಮೋಜೆನ್‌ಗೆ ಇನ್ನೂ ಇಪ್ಪತ್ತೊಂಬತ್ತು;
ಅಪ್ಪನ ಕ್ಯಾಸೆಟ್ಟು ಸವೆಯುವಷ್ಟು ನೋಡಿದವಳು.
ವೇಷ ಕಟ್ಟಿ ಅವನು ಬಿಸಿಲಿಗೆ ಬಂದಾಗ
ದೀಪದವರು, ಬಸ್ಸಿನ ಚಾಲಕ, ಚಹಾದ ಹುಡುಗ
ಸುಮ್ಮನೆ ಎದ್ದು ನಿಂತರು, ಯಾಕೆಂದು ತಿಳಿಯದೆ.
ಕೊನೇ ಗಳಿಗೆಗೆ ಸೊಂಟ ಮತ್ತೆ ಬಿಗಿದು
ನಾನು ಹೊಲಿಗೆ ಬಿಚ್ಚಿ, ಪಟ್ಟಿ ಸೇರಿಸಿ,
ಹನ್ನೆರಡು ಗುಂಡುಪಿನ್ನು ಚುಚ್ಚಿ ಕಳಿಸಿದ್ದೆ.

ಏಳರಲ್ಲಿ ಉಳಿದವರು ಮೂವರು. ಇಬ್ಬರು ಹೊಸಬರು.
ಕಾಗದದಲ್ಲಿ ಇದ್ದದ್ದು: "ಐದು. ಎಣಿಕೆ ಸರಿಯಿದೆ."
ಅವನು ಹೇಳಿದ: "ಏಳು."
ಕಟ್. ಕ್ಷಮಿಸಿ, ಎಂದ. ಮತ್ತೆ: "ಏಳು."
ಕಟ್. ಗಾಳಿಯೆದ್ದು ಬಿಳಿ ಹುಡಿ ಎಲ್ಲರ ಹುಬ್ಬಿಗೆ.
ಆರನೇ ಸಲಕ್ಕೆ ಇಮೋಜೆನ್ ಚಹಾ ಅಂದಳು.
ಮರೆವೋ ಹಟವೋ ಎಂದು ಪಿಸುಗುಟ್ಟಿದರು ಆ ಕಡೆ.
ಈ ಕಡೆ ಜಿಪ್ಪು ಇಳಿಸಿ ಬೆನ್ನಿಗೆ ಗಾಳಿ ಬೀಸುತ್ತಿದ್ದೆ ನಾನು.
"ಬಾಯಿ ತಾನೇ ಹೋಗುತ್ತೆ ಟ್ಯಾಮ್ಸಿನ್," ಎಂದ,
"ಹಾಲಿನ ಗಾಡಿಯ ಮುದಿ ಕುದುರೆ
ಮುಚ್ಚಿದ ಮನೆಗಳ ಮುಂದೂ ನಿಲ್ಲುತ್ತಲ್ಲ, ಹಾಗೆ."

ಒಂಬತ್ತನೇ ಸಲ ಹೇಳಿದ: "ಐದು."
ಯಂತ್ರ ಹೇಳಬೇಕಾದಂತೆ, ಒಣಗಿದ ದನಿಯಲ್ಲಿ.
"ಎಣಿಕೆ" ಎಂದು
ನಾಲ್ಕು ಉಸಿರಿನಷ್ಟು ಹೊತ್ತು ನಿಂತ.
"ಸರಿಯಿದೆ."
ಆ ನಾಲ್ಕು ಉಸಿರು ಯಾವ ಕಾಗದದಲ್ಲೂ ಇರಲಿಲ್ಲ.
ಕಟ್ ಅನ್ನುವ ಮೊದಲು ಇಮೋಜೆನ್ ಎರಡು ಸಲ ಕೆಮ್ಮಿದಳು.

ಸಂಜೆ ವೇಷ ಮಡಿಸುವಾಗ ಪಿನ್ನು ಎಣಿಸಿದೆ. ಹನ್ನೊಂದು.
ಅಸ್ತರು ತಡವಿದೆ, ನೆಲ ತಡವಿದೆ, ಮತ್ತೆ ಹನ್ನೊಂದು.
ಬಾಗಿಲಲ್ಲಿ ಡೆಸ್ಮಂಡ್, ಹಳದಿ ಸ್ವೆಟರು, ಚಾಚಿದ ಅಂಗೈ.
"ಬೆಳಿಗ್ಗೆಯಿಂದ ಚುಚ್ಚುತ್ತಿತ್ತು."
ಹೇಳಬಾರದಿತ್ತೇ, ಮಾರಾಯ?
"ಕೆಲ್ವೆಕ್‌ಗೆ ನೋವಾಗೋದಿಲ್ಲ.
ಮೊದಲನೇ ದಿನ ನೀನೇ ಗದರಿಸಿದ್ದು."

ಹನ್ನೆರಡು, ಎಂದೆ ನಾನು,
ಮುಂದಿನ ಮಾತು ಅವನು ಹೇಳಲೆಂದು ಕಾದೆ.
ಅವನು ಬೂಟು ತಟ್ಟಿ ಗ್ರಹದ ಹುಡಿ ಕೊಡವಿದ,
ನಾಳೆ ಎಷ್ಟು ಗಂಟೆಗೆ ಎಂದು ಕೇಳಿದ.