ಇಪ್ಪತ್ತೊಂದನೇ ದಿನ

ಅಕ್ಕ ವನ್ನೂರಮ್ಮನ ಅಂಗೈ ನೀಲಿ.
ಮುಂಡ್ರಿಗಿ ಕಡೆಯ ವಾಷಿಂಗ್ ಯೂನಿಟ್ಟಿನಲ್ಲಿ
ಹೊಸ ಜೀನ್ಸುಗಳನ್ನು ಹಳತು ಮಾಡುವುದು ಅವಳ ಕೆಲಸ:
ಮೊಣಕಾಲಿಗೆ ಮರಳುಕಾಗದ, ತೊಡೆಗೆ ಬ್ಲೀಚು.
ಯಾರೋ ತೊಟ್ಟು ಬದುಕಿದಂತೆ ಕಾಣಬೇಕು
ಯಾರೂ ತೊಡದ ಬಟ್ಟೆ.

ಬಟ್ಟೆಯ ಜತೆ ಕೈಯೂ ಹಳತಾಯಿತು.
ಗೆಣ್ಣು ಗೆಣ್ಣಿಗೆ ಬಿರುಕು, ಬಿರುಕಿನಲ್ಲಿ ಬಣ್ಣ ಇಳಿದು
ಹೊಳೆಯೇ ಇಲ್ಲದ ಕಡೆ
ಹೊಳೆ ಬರೆದ ನಕ್ಷೆ.

ಮಗಳು ಟ್ಯೂಬೊಂದು ತಂದುಕೊಟ್ಟಳು.
ಮುನ್ನೂರ ನಲವತ್ತೊಂಬತ್ತು ರೂಪಾಯಿ.
"ಇಷ್ಟು ರೊಕ್ಕಕ್ಕ ಇದ್ರಾಗ ಏನೈತೆ,
ನೋಡು, ನೀನು ಲ್ಯಾಬಿನಾಕಿ."

ಕನ್ನಡಕ ಏರಿಸಿ ಹಿಂಬದಿ ಓದಿದೆ.
ಮೊದಲು ನೀರು. ಎಲ್ಲದರಲ್ಲೂ ಮೊದಲು ನೀರೇ.
ಆಮೇಲೆ ಗ್ಲಿಸರಿನ್ನು. ಆಮೇಲೆ ಕ್ಸಾಂಥನ್ ಅಂಟು,
ನೀರು ಎಣ್ಣೆ ಜಗಳಾಡದಂತೆ ನಡುವೆ ನಿಲ್ಲುವುದು;
ಸಿರುಗುಪ್ಪದ ಗದ್ದೆಯಲ್ಲಿ ಭತ್ತದ ಗರಿಯನ್ನು
ತುದಿಯಿಂದ ಒಣಗಿಸುತ್ತ ಬರುವ ರೋಗಾಣುವಿನ
ದಾಯಾದಿಯೊಂದು ಹೆತ್ತದ್ದು.
ಕೊನೆಯಲ್ಲಿ, ಇರುವೆ ಸಾಲಿನಷ್ಟು ಸಣ್ಣಕ್ಕೆ,
ಸೋಡಿಯಂ ಹಯಲುರೊನೇಟ್.

ಅಲ್ಲಿ ನಿಂತೆ.

ಇದನ್ನು ಬಲ್ಲೆ, ಹೆಸರಿನಿಂದಲ್ಲ, ಮುಖದಿಂದ.
ಹದಿನೆಂಟು ವರ್ಷ ಗಂಟಲ ಕಡ್ಡಿ ಎಳೆದಿದ್ದೇನೆ
ಕುರಿರಕ್ತದ ಕೆಂಪು ತಟ್ಟೆಗಳ ಮೇಲೆ.
ರಾತ್ರಿ ಬೆಚ್ಚಗಿಟ್ಟು ಬೆಳಿಗ್ಗೆ ತೆರೆದರೆ
ಒಂದೊಂದು ಸಲ ಸ್ಟ್ರೆಪ್ಟೊಕಾಕಸ್ಸು
ಈಗಷ್ಟೇ ಅಂಗಳಕ್ಕೆ ಚಿಮುಕಿಸಿದ ನೀರಿನಂತೆ
ಹನಿ ಹನಿಯಾಗಿ ಕೂತಿರುತ್ತದೆ.
ಎಷ್ಟು ಚೆಂದವೆಂದರೆ ಮರೆಯುತ್ತೇನೆ
ಅದು ಯಾರ ಮಗುವಿನ ಗಂಟಲೆಂದು.

ಆ ಹೊಳಪು ಅದರ ಅಂಗಿ.
ತನಗಿಂತ ಎಷ್ಟೋ ಪಟ್ಟು ನೀರನ್ನು ತಬ್ಬಿ ಕೂರುವ ಅಂಗಿ.
ನಮ್ಮ ಚರ್ಮ, ಕೀಲು, ಕಣ್ಣಗುಡ್ಡೆಯೊಳಗೆ
ನಾವೂ ನೇಯುವುದು ಅದೇ ಬಟ್ಟೆಯನ್ನು.
ತೊಟ್ಟು ಬಂದರೆ ರಕ್ತದ ಕಾವಲಿನವರು
"ನಮ್ಮೋರೇ ಬಿಡು" ಅನ್ನುತ್ತಾರೆ.

ಹಾಗೇ ಬಂತು ಒಮ್ಮೆ ಕೌಲ್ ಬಜಾರಿನ ನಮ್ಮ ಮನೆಗೆ.
ತಮ್ಮ ಎರ್ರಿಸ್ವಾಮಿಗೆ ಆಗ ಒಂಬತ್ತು.
ಗಂಟಲು ನೋವು, ಮೂರು ದಿನದ ಜ್ವರ.
ಅರಿಶಿನದ ಹಾಲಿಗೆ ಇಳಿಯಿತು ಅಂದುಕೊಂಡೆವು.
ತಿಂಗಳೊಳಗೆ ಮೊಣಕಾಲು ಬಾತವು, ಆಮೇಲೆ ಎದೆ.
ಕಾವಲಿನವರು ತಡವಾಗಿ ಎಚ್ಚೆತ್ತು
ಗುರುತು ತಪ್ಪಿ ಮನೆಯನ್ನೇ ಹೊಡೆದಿದ್ದರು.

ಈಗವನಿಗೆ ಮೂವತ್ತೊಂದು.
ಇಪ್ಪತ್ತೊಂದು ದಿನಕ್ಕೊಮ್ಮೆ ಪೆನ್ಸಿಲಿನ್ ಚುಚ್ಚು
(ಅದೂ ಹಳಸಿದ ರೊಟ್ಟಿ ಮೇಲಿನ ಬೂಷ್ಟಿನ ಕುಲ).
ಕೈ ಹಿಡಿಯಲು ಅಕ್ಕನೇ ಬೇಕು ಅವನಿಗೆ, ಇಂದಿಗೂ.

ಎಲ್ಲೋ ಸ್ಟೀಲಿನ ದೊಡ್ಡ ಹಂಡೆಯಲ್ಲಿ
ಅದರ ಸೋದರ ಸಂತತಿಗೆ ಸಕ್ಕರೆ ಉಣಿಸಿ, ಬೆಚ್ಚಗಿಟ್ಟು,
ಅಂಗಿ ಬಿಚ್ಚಿಕೊಂಡು, ತೊಟ್ಟವರನ್ನು ಕೊಂದು,
ಸೋಸಿ, ತೊಳೆದು, ಮತ್ತೆ ತೊಳೆದು
ಯಾರೂ ತೊಟ್ಟೇ ಇರಲಿಲ್ಲ ಅನ್ನುವಂತೆ ಮಾಡುತ್ತಾರೆ.
ಅಕ್ಕನ ಕೆಲಸವೇ, ತಿರುವುಮುರುವು.

"ಏನೈತೆ?" ಮತ್ತೆ ಕೇಳಿದಳು.
"ನೀರೈತೆ," ಅಂದೆ. "ನೀರು ಹಿಡಕೊಂಡು ಕೂಡೋದು ಒಂದೈತೆ."
"ಅಷ್ಟಕ್ಕೆ ಮುನ್ನೂರ ಐವತ್ತಾ!"
ಬೈಯುತ್ತಲೇ ಕಡಲೆಕಾಳಿನಷ್ಟು ಹಿಂಡಿ
ಗೆಣ್ಣಿಗೆಲ್ಲ ಹಚ್ಚಿಕೊಂಡಳು.

ಇಂದು ಇಪ್ಪತ್ತೊಂದನೇ ದಿನ.
ಸೂಜಿ ಒಳಗಿಳಿಯುವಾಗ ತಮ್ಮ ಕಣ್ಣು ಮುಚ್ಚಿ ಹೇಳಿದ:
"ಅಕ್ಕಾ, ನಿನ್ನ ಕೈ ಈ ಸಲ ಚುಚ್ಚಲಿಲ್ಲ."

ಬಿರುಕಿನ ನೀಲಿ ಮಾತ್ರ ಹಾಗೇ ಇತ್ತು.
ನಾನು ಲ್ಯಾಬಿಗೆ ಹೋದೆ.
ಎಂಟು ತಟ್ಟೆ ಕಾಯುತ್ತಿದ್ದವು, ಬೆಚ್ಚಗೆ.