ತೆಗೀ

ಬೆಳಿಗ್ಗೆಯಿಂದ ಹದಿನೇಳು ಬಾಯಿ.
ಹದಿನೇಳು ನಾಲಿಗೆಗೆ ಕನ್ನಡಿ ಹಿಡಿದು
ಪ ಅನ್ನಿ, ಬ ಅನ್ನಿ, ಮ ಅನ್ನಿ ಎಂದವಳು
ಸಂಜೆ ಮಗಳು ‘ಅಮ್ಮಾ, ಇವತ್ತೇನಾಯ್ತು ಗೊತ್ತಾ’ ಎಂದರೆ
ಹ್ಞೂಂ ಅನ್ನುತ್ತಿದ್ದೆ.
ಅದು ಅಕ್ಷರವೂ ಅಲ್ಲ.

ಮಾತು ಕಲಿಸುವುದು ನನ್ನ ಕೆಲಸ.
ದಾವಣಗೆರೆಯ ದೊಡ್ಡಾಸ್ಪತ್ರೆ, ನಲವತ್ತೊಂದನೇ ಕೋಣೆ,
ಫ್ಯಾನಿಗೆ ಒಂದೇ ವೇಗ, ಕಿಟಕಿಗೆ ಒಂದೇ ಕದ.
ಲಕ್ವ ಹೊಡೆದವನ ಹೆಂಡತಿ ಅಳುವಾಗ
ನನ್ನ ಕಣ್ಣು ಗಡಿಯಾರದ ಮೇಲೆ.
ಒಂದು ಮಗು ಮೊದಲ ಸಲ ‘ಅಪ್ಪ’ ಅಂದಾಗ
ಫೈಲಿನಲ್ಲಿ ಟಿಕ್ ಹಾಕಿ ಮುಂದಿನವರನ್ನು ಕರೆದೆ.
ಆ ಅಪ್ಪನ ಮುಖ ಹೇಗಿತ್ತೋ, ನೋಡಲಿಲ್ಲ.

ಬುಡೇನ್ ಸಾಬರು ಬಂದದ್ದು ಆ ವಾರ.
ಮಂಡಕ್ಕಿ ಭಟ್ಟಿಯಲ್ಲಿ ನಲವತ್ತು ವರ್ಷ ಆಡಿದ ಬಲಗೈ
ಈಗ ಮಡಿಲಲ್ಲಿ ಮಲಗಿದ ಬೆಕ್ಕು.
ಮನೆಮಾತಲ್ಲಿ ಕೇಳಿದೆವು, ಕನ್ನಡದಲ್ಲಿ ಕೇಳಿದೆವು,
ಹೆಂಡತಿಯ ಹೆಸರು, ನೀರು, ಅಲ್ಲಾ...
ಮೂರು ತಿಂಗಳು ಒಂದೂ ತುಟಿ ದಾಟಲಿಲ್ಲ.

ಒಂದು ದಿನ ಮಗ ಮಂಡಕ್ಕಿ ತಂದಿದ್ದ.
ಸುಮ್ಮನೆ ಹಿಡಿ ತುಂಬ ಎತ್ತಿ
ಸ್ಟೀಲಿನ ತಟ್ಟೆಗೆ ಸುರಿದೆ, ಚರಚರ ಚರಚರ,
ಮುದುಕ ಸೆಟೆದು ಕೂತು ಎಡಗೈ ಎತ್ತಿ
“ತೆಗೀ!”
ಹೊರಗಿನ ಸಾಲೆಲ್ಲ ಬಾಗಿಲಲ್ಲಿ ಇಣುಕಿತು.

ಮಗ ಮೂಗೊರೆಸಿಕೊಳ್ಳುತ್ತ ಹೇಳಿದ:
‘ಉಸುಕು ಕಾದಿರ್ತೈತ್ರೀ ಮೇಡಂ,
ಅಕ್ಕಿ ಅರಳಾಕೆ ಎರಡು ಉಸಿರು ಸಾಕು,
ಮೂರನೇದಕ್ಕೆ ಕರಕಲು.
ಬೆಂಕಿ ಕಮ್ಮಿ ಮಾಡು ಅಂತ ಅಪ್ಪ ಯಾವತ್ತೂ ಅಂದಿಲ್ಲ.
ಬೆಂಕಿ ಇರೋದೇ ಹಂಗ. ತೆಗೀಬೇಕು, ಅಷ್ಟ.’

ಮಾರನೆಯ ದಿನ ಸೂಪರಿಂಟೆಂಡೆಂಟರ ಮುಂದೆ ನಿಂತೆ.
ಹದಿನೇಳಲ್ಲ ಸರ್, ಹನ್ನೊಂದು. ಇನ್ನೊಬ್ಬರನ್ನು ಕೊಡಿ.
ಕನ್ನಡಕ ಒರೆಸಿ ‘ನೋಡೋಣ’ ಅಂದರು.
ನೋಡೋಣ: ಈ ಆಸ್ಪತ್ರೆಯಲ್ಲಿ
ಯಾವತ್ತೂ ಖಾಲಿಯಾಗದ ಗುಳಿಗೆ.

ಅಲ್ಲಿಯವರೆಗೆ ಒಂದೂವರೆಗೆ ಚಿಲಕ ಹಾಕುತ್ತೇನೆ,
ಬುತ್ತಿ ಬಿಚ್ಚುತ್ತೇನೆ. ಯಾರೋ ಬಡಿಯುತ್ತಾರೆ,
ಪಾಪ, ಜಗಳೂರಿನ ಬಸ್ಸಿಗೆ ಬಂದವರು.
ನಿನ್ನೆ ಎದ್ದುಹೋದೆ.
ಇವತ್ತು ರೊಟ್ಟಿ ಮುಗಿಸಿ, ಕೈ ತೊಳೆದು, ಆಮೇಲೆ ತೆಗೆದೆ.

ಸಂಜೆ ಮಗಳು, ತರಗತಿಯಲ್ಲಿ ಕಾಣೆಯಾದ ಡಸ್ಟರಿನ
ಉದ್ದಾನುದ್ದ ಕಥೆ.
‘ಆಮೇಲೆ?’ ಅಂದೆ.
ಅವಳು ನಿಲ್ಲಿಸಿ
ನನ್ನ ಬಾಯನ್ನೇ ನೋಡಿದಳು.