ಎಡಕ್ಕೆ

ಅಶೋಕ ರಸ್ತೆಯ ರೈಲ್ವೆ ಗೇಟು ಬಿದ್ದಿದೆ.
ಹರಿಹರದ ಕಡೆಯಿಂದಲೋ, ಚಿಕ್ಕಜಾಜೂರಿನ ಕಡೆಯಿಂದಲೋ,
ಎಲ್ಲರ ಕತ್ತೂ ಒಂದು ಕಡೆ ತಿರುಗಿದೆ,
ನನ್ನದು ಇನ್ನೊಂದು ಕಡೆ.
ಕೂಗು ಕೇಳುತ್ತದೆ. ಎಲ್ಲಿಂದ ಅನ್ನೋದು ಕೇಳುವುದಿಲ್ಲ.

ಬಲಗಿವಿಯ ಆಳದಲ್ಲಿ
ಕಡಲೆಕಾಳಿನಷ್ಟಿದ್ದಾಗ ಗೊತ್ತೇ ಆಗಲಿಲ್ಲ,
ಹುಣಸೆಬೀಜದಷ್ಟಾದಾಗ ನೆಲ ವಾಲಿತು.
ಫೋನನ್ನು ಎಡಕ್ಕೆ ಬದಲಿಸಿದ್ದು ನಾನಲ್ಲ, ಕೈ ತಾನೇ.
'ಕ್ಯಾನ್ಸರ್ ಅಲ್ಲಮ್ಮ' ಅಂದರು ಡಾಕ್ಟರು.
ಇವರು ಕಾರಿಡಾರಿನಲ್ಲೇ ಕುಕ್ಕರಿಸಿ ಅತ್ತುಬಿಟ್ಟರು,
ಅಲ್ಲ ಅಂದದ್ದಕ್ಕೆ.
ಒಂಬತ್ತು ತಾಸು ತಲೆ ತೆರೆದಿಟ್ಟರಂತೆ.
ಗಂಟು ಹೋಯಿತು, ಅದಕ್ಕೆ ಅಂಟಿದ್ದ ಕಿವಿಯ ನರವೂ ಹೋಯಿತು.
ಮುಖ ಉಳಿಯಿತು.
ನಗುವಾಗ ಈಗಲೂ ಎಡತುಟಿ ಮೊದಲು ಹೊರಡುತ್ತದೆ,
ಬಲತುಟಿ ಮುಂದಿನ ಬಸ್ಸಿಗೆ.

ನಾವು ಪಿಂಜಾರರು. ಮಂಡಿಪೇಟೆಯ ಹಿಂದೆ ಗಾದಿ ಅಂಗಡಿ.
ಮಗ ದಸ್ತಗೀರ ಯಂತ್ರಕ್ಕೆ ಹತ್ತಿ ಹಾಕಿದನೆಂದರೆ
ಗಿರಾಕಿಯ ಮಾತು, ಮೀಟರಿನ ಲೆಕ್ಕ, ಮೊಮ್ಮಗಳ ಅಳು
ಎಲ್ಲಾ ಕೂಡಿ ಬೀಜ ತೆಗೆಯದ ಹತ್ತಿ.
'ಡಬಲ್ ಕಾಟ್‌ಗೆ ಎಷ್ಟಾಗ್ತೈತಿ?' ಅಂತ ಒಬ್ಬಳು ಕೇಳಿದ್ದಕ್ಕೆ
'ಹ್ಞೂ, ಸಕ್ಕರೆ ಕಮ್ಮಿ' ಅಂದೆನಂತೆ.
ಅವಳು ಸೊಸೆಯ ಮುಖ ನೋಡಿದಳು.

ಕಿವಿ ವಿಭಾಗದ ಹುಡುಗಿ ಸುಚೇತಾ ಮೇಜಿನ ಮೇಲೆ ಇಟ್ಟಳು:
'ಇದು ಜೋಡಿ. ಆ ಕಡೆಯ ಮಾತನ್ನ ಹಿಡಿದು
ಕೇಳೋ ಕಡೆಗೆ ದಾಟಿಸುತ್ತೆ.'
ಅತ್ತೆಯ ಮಾತನ್ನು ಸೊಸೆಗೆ ಮುಟ್ಟಿಸುವ
ನಮ್ಮ ಓಣಿಯ ಮೌಲಾಬಿಯ ಹಾಗೆ.
'ಇನ್ನೊಂದಕ್ಕೆ ಕಿವಿ ಹಿಂದಿನ ಎಲುಬಿಗೆ ತಿರುಪು ಕೂರಿಸಬೇಕು.'
ಮತ್ತೆ ಅದೇ ತಲೆಗಾ, ತಾಯಿ?
'ವರ್ಷಕ್ಕೊಮ್ಮೆ ಸ್ಕ್ಯಾನ್ ಬೇರೆ ಇದೆಯಲ್ಲ,
ಒಳಗೆ ಅಯಸ್ಕಾಂತ ಇರೋದು ಬೇಡ. ಯೋಚಿಸಿ.'
ದರ ಹೇಳಿದಳು.
ಎಷ್ಟು ಗಾದಿ ಅಂತ ಇವರು ಬೆರಳು ಮಡಚುತ್ತ ಹೋದರು,
ಕೊನೆಗೆ ಕೈ ಜೇಬಿಗೆ ಹಾಕಿಕೊಂಡರು.
'ಏನೂ ಬೇಡ ಅನ್ನೋದೂ ಒಂದು ದಾರಿ.
ತುಂಬಾ ಜನ ಹಾಗೇ ಇರ್ತಾರೆ.'
ಆ ಮಾತಿಗೆ ಅವಳನ್ನು ನಂಬಿದೆ.

'ಸುಮ್ಮನೆ ಇದನ್ನ ಹಾಕಿ ನೋಡಿ.'
ತಲೆಗೊಂದು ಪಟ್ಟಿ, ಪಟ್ಟಿಗೊಂದು ಗುಂಡಿ,
ಗುಂಡಿ ಎಲುಬಿಗೆ ಒತ್ತಿತು.
ಬಲಕ್ಕೆ ನಿಂತು ಪಿಸುಗುಟ್ಟಿದಳು: 'ಇಮಾಂಬಿ.'

ಕುರಿಯ ನರ ಹೊಸೆದು ಬಿಗಿದ ಬಿಲ್ಲನ್ನು
ಸೂರಿಗೆ ತೂಗುಹಾಕಿ ಅಪ್ಪ ಕೊಡತಿಯಿಂದ ಮೀಟುತ್ತಿದ್ದ.
ಆರು ವರ್ಷದ ನಾನು ಬಿಲ್ಲಿನ ಮರ ಕಚ್ಚಿಕೊಂಡು
ಎರಡೂ ಕಿವಿ ಮುಚ್ಚುತ್ತಿದ್ದೆ.
ಬುರುಡೆ ತುಂಬ ಟಂಯ್, ಹಲ್ಲಿನ ಬೇರಿನವರೆಗೆ ಟಂಯ್.
'ಬಿಡಬೇ, ಹಲ್ಲು ಉದುರ್ತಾವು' ಅಂತ ಬೈದು,
ಮತ್ತೆ ಮೆಲ್ಲಗೆ ಮೀಟುತ್ತಿದ್ದ.
ಎಲುಬಿಗೆ ಕೇಳುತ್ತದೆ ಅಂತ
ನನಗೆ ಮೊದಲೇ ಗೊತ್ತಿತ್ತು, ಹುಡುಗಿ.

'ದಿಕ್ಕು?' ಅಂದೆ.
ಪಟ್ಟಿ ಬಿಚ್ಚುತ್ತ ಅಂದಳು,
'ದಿಕ್ಕು ಇದರಲ್ಲಿ ಬರಲ್ಲಮ್ಮ. ಯಾವುದರಲ್ಲೂ ಬರಲ್ಲ.'

ರಾತ್ರಿ ಸತ್ತ ಕಿವಿಗೆ ನಿದ್ದೆಯಿಲ್ಲ.
ಕತ್ತರಿಸಿಹೋದ ನರವನ್ನು ಯಾರೋ ಮೀಟುತ್ತಲೇ ಇರುತ್ತಾರೆ,
ಹತ್ತಿ ಮಾತ್ರ ಹಗುರಾಗುವುದಿಲ್ಲ.
ಎಡಗಿವಿಯನ್ನು ದಿಂಬಿಗೊತ್ತಿದರೆ
ದಾವಣಗೆರೆ ಆರಿಹೋಗುತ್ತದೆ, ಇವರ ಗೊರಕೆ ಸಮೇತ.
ಇದೊಂದು ಲಾಭ, ಯಾರಿಗೂ ಹೇಳಿಲ್ಲ.

ಪಟ್ಟಿಯನ್ನು ವಾರದ ಮಟ್ಟಿಗೆ ಕೊಟ್ಟಿದ್ದಾಳೆ.
ಕೈಚೀಲದಲ್ಲಿದೆ. ಗೇಟು ಇನ್ನೂ ಎದ್ದಿಲ್ಲ.
ಮೂವತ್ತೊಂದು ವರ್ಷ ನನ್ನ ಬಲಕ್ಕೇ ನಡೆದವರು ಇವರು,
ಲಾರಿಗಳ ಕಡೆ ತಾವಿರಬೇಕು ಅಂತ.
ಈಗ ಎಡಕ್ಕೆ ಬರುತ್ತಾರೆ, ಮರೆತು ಬಲಕ್ಕೆ ಹೋಗುತ್ತಾರೆ,
ಅಲ್ಲಿಂದ ಏನೋ ಹೇಳುತ್ತಾರೆ.
ಮೀಸೆಯ ಮೇಲೆ ಹತ್ತಿಯ ಧೂಳು ಅಲುಗುತ್ತದೆ.

'ಎಡಕ್ಕೆ,' ಅನ್ನುತ್ತೇನೆ.
'ಅಲ್ಲ, ಹರಿಹರದ ಕಡೆಯಿಂದ' ಅನ್ನುತ್ತಾರೆ,
ರೈಲಿನ ಬಗ್ಗೆ.